ಯಾರ ದಶಕ ಸ್ವಾಮಿ, ಯಾರ ಹತ್ತು ಚಿತ್ರ?

ಕುವೈತಿನ ಸಾಲ್ಮಿಯಾದಲ್ಲಿ ಶುಕ್ರವಾರ ಸಂಜೆಯಾದರೆ ಕನ್ನಡಿಗರಿಗೆ ಸಿನಿಮಾ ಜ್ಞಾನ ಉಕ್ಕಿ ಬರುತ್ತದೆ. ಸಾಲೆಂ ಅಲ್ ಮುಬಾರಕ್ ರಸ್ತೆಯ ಹಿಂದಿನ ಯಾವುದೋ ಫ್ಲ್ಯಾಟಿನ ನಡುಮನೆ, ಮಕ್ಕಳನ್ನು ಒಳಕೋಣೆಗೆ ಅಟ್ಟಿ ಬಾಗಿಲು ಹಾಕಿದ್ದಾಯಿತು ಎಂದರೆ ಚರ್ಚೆ ಶುರು. ಈ ಸಲದ ವಿಷಯ: 2011ರಿಂದ 2020ರವರೆಗಿನ ಹತ್ತು ಶ್ರೇಷ್ಠ ಕನ್ನಡ ಚಿತ್ರಗಳು. ಪಟ್ಟಿ ಆಗಲೇ ತಯಾರಾಗಿ ಬಂದಿತ್ತು ಅನ್ನಿ. ಕೆಜಿಎಫ್, ಕಿರಿಕ್ ಪಾರ್ಟಿ, ರಂಗಿತರಂಗ, ಉಗ್ರಂ, ರಾಜಕುಮಾರ, ಟಗರು. ಯಾರೋ ಕಾಂತಾರವನ್ನೂ ತುರುಕಲು ನೋಡಿದರು. ಅದು ಬಂದದ್ದು 2022ರಲ್ಲಿ ಸ್ವಾಮಿ ಎಂದು ಹೇಳಿ ತೆಗೆಸಬೇಕಾಯಿತು. ‘ಉಳಿದವರು ಕಂಡಂತೆ’ಗೆ ಎಲ್ಲರೂ ಕೈ ಎತ್ತಿದರು. 2014ರಲ್ಲಿ ಥಿಯೇಟರುಗಳು ಅದನ್ನು ಬೇಗ ಬೇಗ ಇಳಿಸುವಾಗ ಈ ಮಹಾಶಯರೆಲ್ಲ ಎಲ್ಲಿದ್ದರೋ, ಈಗ ಕೇಳಿದರೆ ಒಬ್ಬೊಬ್ಬರೂ ಮೊದಲ ದಿನದ ಮೊದಲ ಆಟಕ್ಕೇ ಹೋದವರು.

ನಾನು ‘ಹರಿವು’ ಎಂದೆ.

“ಅದ್ಯಾವ್ದು?” ಎಂದರು ಒಬ್ಬರು. “ಅವಾರ್ಡ್ ಸಿನಿಮಾ ಇರ್ಬೇಕು” ಎಂದರು ಇನ್ನೊಬ್ಬರು, ಮೂಗಿನ ತುದಿಯಲ್ಲಿ. ಅಲ್ಲಿಗೆ ಅದರ ಕಥೆ ಮುಗಿಯಿತು. ನಮ್ಮ ಜನಕ್ಕೆ ಅವಾರ್ಡ್ ಸಿನಿಮಾ ಅಂದರೆ ಬೈಗುಳ.

ನಿಮ್ಮ ಅಳತೆಗೋಲು ಯಾವುದು ಎಂದು ಕೇಳಿದೆ. ಎಷ್ಟು ಕೋಟಿ ಬಾಚಿತು, ಎಷ್ಟು ಭಾಷೆಗೆ ಡಬ್ ಆಯಿತು, ಎಷ್ಟು ಸ್ಟಾರ್ ರೇಟಿಂಗ್ ಬಂತು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ಒಬ್ಬರು, ಕುವೆಂಪು, ತೇಜಸ್ವಿ ಎಲ್ಲ ಬಾಯಲ್ಲೇ ಇರುವ ಓದುಗರು, “ನೋಡಿ ಇವ್ರೇ, ಜನ ಮೆಚ್ಚಿದ್ದೇ ಶ್ರೇಷ್ಠ” ಎಂದು ತೀರ್ಪು ಕೊಟ್ಟರು. ಹಾಗಾದರೆ ಪುಸ್ತಕದ ಮಾತು ಬಂದಾಗ ಮಾರಾಟದ ಲೆಕ್ಕ ಯಾಕೆ ಹಿಡಿಯುವುದಿಲ್ಲ? ಅಲ್ಲಿ ರುಚಿ ಬೇಕು, ಇಲ್ಲಿ ಗಲ್ಲಾಪೆಟ್ಟಿಗೆ ಸಾಕು! ಅದಿರಲಿ, ಯಾವ ಜನ? ಕೆಳಗೆ ಬಕಾಲಾ ಎಂಬ ಕಿರಾಣಿ ಅಂಗಡಿಯಲ್ಲಿ ಮೊಸರಿನ ಡಬ್ಬಿ ಜೋಡಿಸುತ್ತಿರುವ ಬೀದರದ ಹುಡುಗನನ್ನು ಕೇಳಿದ್ದೀರಾ? ಒಳಗೆ ಪಾತ್ರೆ ತಿಕ್ಕುತ್ತಿರುವ ಹೆಂಗಸನ್ನು? ಈ ದೇಶದಲ್ಲಿ ಮನೆಗೆಲಸದವರ ಕನಿಷ್ಠ ಸಂಬಳ ತಿಂಗಳಿಗೆ 60 ದಿನಾರ್ ಎಂದು ನಿಗದಿಯಾದದ್ದು 2016ರಲ್ಲಿ. ಆ ಸಂಬಳದಲ್ಲಿ ಮಾಲ್‌ಗೆ ಹೋಗಿ ಟಿಕೆಟ್ ಕೊಳ್ಳುವವರು ಯಾರು? ಟಿಕೆಟ್ ಕೊಂಡವರನ್ನಷ್ಟೇ ಎಣಿಸಿ ಅದಕ್ಕೆ ಜನ ಎಂದು ಹೆಸರಿಡುವ ಈ ಲೆಕ್ಕ ಬ್ಯಾಂಕಿನವರಿಗೆ ಸರಿ ಕಂಡೀತು.

ಪಟ್ಟಿಯ ತಲೆಯಲ್ಲಿ ಕೂತಿರುವ ಕೆಜಿಎಫ್‌ಗೇ ಬರೋಣ. 2018ರ ಡಿಸೆಂಬರ್ 21ರಂದು ಬಿಡುಗಡೆಯಾಯಿತು. ಕನ್ನಡದ ಚಿತ್ರವೊಂದು ಉತ್ತರದ ಊರುಗಳಲ್ಲಿ ಶಿಳ್ಳೆ ಹೊಡೆಸಿಕೊಂಡಾಗ ನನಗೂ ಖುಷಿಯಾಗಿದೆ, ಸುಳ್ಳು ಯಾಕೆ ಹೇಳಲಿ. ಪ್ರಶಾಂತ್ ನೀಲ್‌ಗೆ ಕ್ಯಾಮೆರಾ ಗೊತ್ತು, ಕತ್ತಲೆ ಗೊತ್ತು, ಧೂಳು ಗೊತ್ತು. ಗೊತ್ತಿಲ್ಲದೆ ಹೋದದ್ದು ಕೋಲಾರದ ಗಣಿ ಕಾರ್ಮಿಕ. ಸಿನಿಮಾದ ಗಣಿಯಲ್ಲಿ ಇರುವುದು ಗುಲಾಮರ ಹಿಂಡು. ಅವರಿಗೆ ಸಂಘವಿಲ್ಲ, ಸಿಟ್ಟಿಲ್ಲ, ತಮ್ಮದೇ ಒಂದು ಯೋಚನೆಯಿಲ್ಲ. ಮುಂಬೈಯಿಂದ ಒಬ್ಬ ಗಂಡಸು ಬಂದು ಸುತ್ತಿಗೆ ಎತ್ತುವ ತನಕ ಅವರು ಕಾಯುತ್ತಾರೆ, ಅಷ್ಟೇ ಅವರ ಕೆಲಸ.

ನಿಜದ ಗಣಿಯಲ್ಲಿ ಏನಾಗಿತ್ತು? 1880ರಲ್ಲಿ ಜಾನ್ ಟೇಲರ್ ಕಂಪನಿ ಅಗೆಯಲು ಶುರುಮಾಡಿತು. ಸುರಂಗಕ್ಕೆ ಇಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟಿನ ಕಡೆಯಿಂದ, ಜಾತಿಯ ಕಾಟಕ್ಕೂ ಹಸಿವಿಗೂ ಬೆನ್ನು ತಿರುಗಿಸಿ ಬಂದ ತಮಿಳು ದಲಿತರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು. ಕಲ್ಲಿನ ಧೂಳು ಅವರ ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಆಯಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಮೊದಲು ಹೋದದ್ದು ಆ ಗಣಿಗೆ, ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ. ಇಷ್ಟಾಗಿಯೂ ಅವರು ಬಾಯಿ ಮುಚ್ಚಿಕೊಂಡಿರಲಿಲ್ಲ. 1930ರಲ್ಲಿ ಕಂಪನಿ ಪ್ರತಿಯೊಬ್ಬ ಕಾರ್ಮಿಕನೂ ಗುರುತಿಗೆ ಬೆರಳಚ್ಚು ಕೊಡಬೇಕು ಎಂದಾಗ ಗಣಿಯೇ ನಿಂತುಹೋಗುವ ಹಾಗೆ ಮುಷ್ಕರ ಹೂಡಿದರು. 1956ರಲ್ಲಿ ಮೈಸೂರು ರಾಜ್ಯ ಗಣಿಗಳನ್ನು ವಹಿಸಿಕೊಂಡಿತು. ಸಿನಿಮಾದಲ್ಲಿ ಗುಲಾಮರ ಬೆನ್ನಿಗೆ ಚಾಟಿ ಬೀಳುವ 70ರ ದಶಕದಲ್ಲಿ ನಿಜವಾದ ಗಣಿ ಸರ್ಕಾರದ ಕೈಯಲ್ಲಿತ್ತು, ಗೇಟಿನ ಹೊರಗೆ ಯೂನಿಯನ್ನಿನ ಬಾವುಟ ಇತ್ತು.

ಬೆರಳಚ್ಚಿನ ಮಾತನ್ನು ಕುವೈತಿನಲ್ಲಿ ಕೂತು ಓದಿದರೆ ಬೇರೆಯೇ ಉರಿ. 2024ರ ಡಿಸೆಂಬರ್ 31ರೊಳಗೆ ಬಯೋಮೆಟ್ರಿಕ್ ಕೊಡಿ ಎಂದಾಗ ನಾವೆಲ್ಲ ಸಾಲಿನಲ್ಲಿ ನಿಂತು ಹತ್ತೂ ಬೆರಳು ಒತ್ತಿ ಬಂದವರು. ಗೊಣಗಲೂ ಇಲ್ಲ. ಇದು ನಮ್ಮ ದೇಶವಲ್ಲ, ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ನಮ್ಮನ್ನು ತರಿಸಿಕೊಂಡ ಕಫೀಲನ ಕೈಯಲ್ಲಿದೆ, ನಮ್ಮ ಕಷ್ಟ ನಮಗೆ. ಒಪ್ಪಿದೆ. ಆದರೆ ಬ್ರಿಟಿಷರ ಕಾಲದಲ್ಲೇ ಬೆರಳು ಕೊಡುವುದಿಲ್ಲ ಎಂದು ನಿಂತವರನ್ನು ತಲೆ ತಗ್ಗಿಸಿದ ದನಗಳ ಹಾಗೆ ತೋರಿಸಿದ ಚಿತ್ರಕ್ಕೆ ಎದ್ದುನಿಂತು ಚಪ್ಪಾಳೆ ಹೊಡೆಯಲು ನಮಗೆ ಯಾವ ಮುಖವಿದೆ? 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಯನೈಡ್ ಬೆರೆತ ಮಣ್ಣಿನ ದಿಬ್ಬಗಳಿಂದ ಇವತ್ತೂ ಗಾಳಿಗೆ ಧೂಳು ಏಳುತ್ತದೆ. ಆ ಕಾರ್ಮಿಕರ ಮಕ್ಕಳು ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ, ಸೆಕ್ಯುರಿಟಿ ಕೆಲಸಕ್ಕೆ ಹೋಗುತ್ತಾರೆ. ಸಿನಿಮಾ ಅವರ ಊರಿನ ಹೆಸರನ್ನು ಎತ್ತಿಕೊಂಡಿತು, ಚರಿತ್ರೆಯನ್ನು ಅಲ್ಲೇ ಬಿಟ್ಟಿತು.

ಈಗ ‘ಹರಿವು’. ಮಂಸೋರೆಯ ಮೊದಲ ಚಿತ್ರ, 2014ರದ್ದು. ಡಾ. ಆಶಾ ಬೆನಕಪ್ಪ ಬರೆದ ನಿಜ ಪ್ರಸಂಗವೊಂದರಿಂದ ಹುಟ್ಟಿದ್ದು. ಹಳ್ಳಿಯ ಬಡ ರೈತ ಕಾಯಿಲೆ ಬಿದ್ದ ಮಗನನ್ನು ಬೆಂಗಳೂರಿನ ಆಸ್ಪತ್ರೆಗೆ ತರುತ್ತಾನೆ, ಮಗ ಉಳಿಯುವುದಿಲ್ಲ. ಹೆಣ ಊರಿಗೆ ಒಯ್ಯಲು ಗಾಡಿಗೆ ದುಡ್ಡಿಲ್ಲ. ಒಂದು ಟ್ರಂಕು ಹೊಂದಿಸುತ್ತಾನೆ, ಮಗನನ್ನು ಅದರೊಳಗೆ ಇಟ್ಟು ಬಸ್ಸು ಹತ್ತುತ್ತಾನೆ. ಆ ಅಪ್ಪ ಸಂಚಾರಿ ವಿಜಯ್. ನಮ್ಮ ಕಡೆ ತಗಡಿನ ಟ್ರಂಕು ಎಂದರೆ ಹಾಸ್ಟೆಲಿಗೆ ಹೊರಟ ಹುಡುಗನ ತಲೆಯ ಮೇಲಿನದು, ತಟ್ಟೆ ಲೋಟ ಉಪ್ಪಿನಕಾಯಿ ಡಬ್ಬಿ ತುಂಬಿದ್ದು. ಆ ಟ್ರಂಕಿನಲ್ಲಿ ಹುಡುಗನೇ ಇದ್ದಾನೆ. ಪಕ್ಕದ ಪ್ರಯಾಣಿಕನಿಗೆ ಅದು ಲಗೇಜು. ಅಪ್ಪ ಅಳುವ ಹಾಗೂ ಇಲ್ಲ, ಅತ್ತರೆ ಗುಟ್ಟು ರಟ್ಟು. ದೇಶದ ಐಟಿ ರಾಜಧಾನಿಯಿಂದ ಹೆಣ ಕದ್ದುಮುಚ್ಚಿ ಊರಿಗೆ ಹೋಗುವ ಈ ಕಥೆಗೆ ಆ ವರ್ಷದ ಕನ್ನಡದ ಅತ್ಯುತ್ತಮ ಚಿತ್ರ ಎಂಬ ರಾಷ್ಟ್ರ ಪ್ರಶಸ್ತಿ ಬಂತು. ಅದೇ ವರ್ಷ ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ವಿಜಯ್ ಅತ್ಯುತ್ತಮ ನಟನಾದ. 2021ರ ಜೂನ್‌ನಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲಿ ‘ಎಂಥ ನಟ ಹೋದ’ ಎಂದು ಮೇಣದಬತ್ತಿಯ ಚಿತ್ರಗಳು ಸುರಿದವು. ಹಾಕಿದವರಲ್ಲಿ ಅವನ ಒಂದು ಚಿತ್ರವನ್ನಾದರೂ ನೋಡಿದವರು ಎಷ್ಟು ಮಂದಿ ಎಂದು ಕೇಳಿದ್ದಕ್ಕೆ ನನ್ನನ್ನು ಒಂದು ಗುಂಪಿನಿಂದ ತೆಗೆದರು.

ಈ ಚಿತ್ರವನ್ನು ಬೆಂಗಳೂರಿನವರು ಮರೆತರೆ ನಾನು ಕ್ಷಮಿಸಬಲ್ಲೆ. ಕೊಲ್ಲಿಯಲ್ಲಿ ಕೂತವರು ಮರೆಯುವಂತಿಲ್ಲ. ಇಲ್ಲಿಂದ ಹೆಣ ಹೋಗುವುದು ಕಾರ್ಗೋದಲ್ಲಿ. ಮೊದಲು ಇಕಾಮಾ ರದ್ದಾಗಬೇಕು, ರಾಯಭಾರ ಕಚೇರಿಯ ಕಾಗದ ಆಗಬೇಕು, ಪಾಸ್‌ಪೋರ್ಟಿನ ಮೇಲೆ ರದ್ದಿನ ಮುದ್ರೆ ಬೀಳಬೇಕು, ಹೆಣ ಕೆಡದ ಹಾಗೆ ಔಷಧಿ ಏರಿಸಬೇಕು. ಏರ್ ಇಂಡಿಯಾ 2019ರ ಜನವರಿಯವರೆಗೆ ಕೊಲ್ಲಿ ದೇಶಗಳಿಂದ ಹೆಣ ಸಾಗಿಸಲು ತೂಕದ ಮೇಲೆ ದರ ಹಾಕುತ್ತಿತ್ತು, ಜನ ಉಗಿದ ಮೇಲೆ ಎಲ್ಲರಿಗೂ ಒಂದೇ ದರ ಮಾಡಿತು. ಅಂದರೆ ಈ ಹತ್ತು ಚಿತ್ರಗಳ ದಶಕದ ಬಹುಭಾಗ, ಇಲ್ಲಿ ದುಡಿದು ಸತ್ತವನನ್ನು ಪೆಟ್ಟಿಗೆ ಸಮೇತ ತಕ್ಕಡಿಗೆ ಹಾಕುತ್ತಿದ್ದರು. ದಪ್ಪಗಿದ್ದವನ ಹೆಂಡತಿಗೆ ಹೆಚ್ಚು ಖರ್ಚು.

ಒಮ್ಮೆ ಅಂಥ ಕೆಲಸಕ್ಕೆ ಕಾರ್ಮಿಕರೇ ತುಂಬಿರುವ ಜಲೀಬಿನ ಒಂದು ರೂಮಿಗೆ ಹೋಗಿದ್ದೆ. ಸತ್ತವನ ಮೂರಂತಸ್ತಿನ ಮಂಚದ ನಡುವಿನ ಹಲಗೆಯ ಮೇಲೆ ಜೊತೆಯವರು ಅವನ ಸಾಮಾನು ಹರಡಿ ಕಟ್ಟುತ್ತಿದ್ದರು. ಟ್ಯಾಂಗ್ ಡಬ್ಬಿ, ನಿಡೋ ಹಾಲಿನ ಪುಡಿ, ಟೈಗರ್ ಬಾಮ್, ಕವರು ಹರಿಯದ ಒಂದು ಕಂಬಳಿ. ರಜೆಗೆಂದು ಕೂಡಿಟ್ಟದ್ದು. ಸಿಮೆಂಟು ಮೆತ್ತಿದ ಕೆಲಸದ ಬೂಟನ್ನು ಕಳಿಸುವುದೋ ಬೇಡವೋ ಎಂದು ಅವರಲ್ಲೇ ವಾದ. ಒಬ್ಬ ಕೊನೆಗೆ ಅದನ್ನು ತೊಳೆದು ಹಾಕಿದ. ಆ ಪೆಟ್ಟಿಗೆಯೂ ತೂಕಕ್ಕೇ. ಇದನ್ನು ಕಣ್ಣಾರೆ ಕಂಡವನು ‘ಹರಿವು’ ನೋಡಿದರೆ ಅವಾರ್ಡ್ ಸಿನಿಮಾ ಎಂದು ಮೂಗು ಮುರಿಯುವುದಿಲ್ಲ. ದಶಕ ಮುಗಿದರೂ ಇದು ಮುಗಿದಿಲ್ಲ. 2024ರ ಜೂನ್ 12ರ ನಸುಕಿನಲ್ಲಿ, ಸಾಲ್ಮಿಯಾದಿಂದ ಕಾರಿನಲ್ಲಿ ಅರ್ಧ ಗಂಟೆಯ ಮಂಗಾಫ್‌ನಲ್ಲಿ, ಕಾರ್ಮಿಕರನ್ನು ತುಂಬಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. 45 ಮಂದಿ ಭಾರತೀಯರ ಹೆಣಗಳನ್ನು ವಾಯುಪಡೆಯ ವಿಮಾನ ಕೊಚ್ಚಿಗೆ ಒಯ್ದಿತು. ಹೆಚ್ಚಿನವರು ಮಲಯಾಳಿಗಳು, ಒಬ್ಬ ನಮ್ಮ ಕಲಬುರಗಿ ಜಿಲ್ಲೆಯವನು.

ಮಲಯಾಳಿಗಳ ಮಾತು ಬಂತಲ್ಲ, ಹೊಟ್ಟೆಕಿಚ್ಚಿನಿಂದಲೇ ಹೇಳುತ್ತೇನೆ. 2011ರಲ್ಲಿ ಅವರಿಗೆ ‘ಗದ್ದಾಮ’ ಬಂತು, ಅರಬರ ಮನೆಯಲ್ಲಿ ಕೆಲಸಕ್ಕಿದ್ದ ಹೆಂಗಸಿನ ಕಥೆ. 2015ರಲ್ಲಿ ‘ಪತ್ತೇಮಾರಿ’ ಬಂತು, ಲಾಂಚಿನಲ್ಲಿ ಕದ್ದು ಕೊಲ್ಲಿಗೆ ಬಂದು ಜೀವಮಾನವಿಡೀ ಊರಿಗೆ ಹಣ ಕಳಿಸಿ ಸವೆದವನ ಪಾತ್ರದಲ್ಲಿ ಮಮ್ಮುಟ್ಟಿಯಂಥ ಸ್ಟಾರ್. ಭಟ್ಕಳ, ಕುಂದಾಪುರ, ಉಡುಪಿ, ಮಂಗಳೂರು, ಕಾಸರಗೋಡಿನಿಂದ ಕೊಲ್ಲಿಗೆ ಬಂದವರೇನು ಕಮ್ಮಿಯೇ? ಕರಾವಳಿಯ ತಾರಸಿ ಮನೆಗಳು, ಅಕ್ಕತಂಗಿಯರ ಮದುವೆ, ಮಸೀದಿ, ಇಗರ್ಜಿ, ಗರಡಿಯ ಜೀರ್ಣೋದ್ಧಾರ, ಎಲ್ಲಕ್ಕೂ ಇಲ್ಲಿನ ದುಡ್ಡು ಹೋಗಿದೆ. ‘ಪತ್ತೇಮಾರಿ’ಯ ಎತ್ತರದ ಒಂದು ಕನ್ನಡ ಚಿತ್ರ ತೋರಿಸಿ. ನಮ್ಮ ನಿರ್ಮಾಪಕರಿಗೆ ಕೊಲ್ಲಿ ಎಂದರೆ ದುಬೈಯಲ್ಲಿ ಎರಡು ಹಾಡು, ಮರಳ ದಿಬ್ಬದ ಮೇಲೆ ಜೀಪು. 2016ರ ಜುಲೈ 21ರಂದು ಇದೇ ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಬಿಸಿಲು ದಾಖಲಾಯಿತು. ಬೇಸಿಗೆಯಲ್ಲಿ ಹಗಲು 11ರಿಂದ 4ರವರೆಗೆ ಬಯಲಿನಲ್ಲಿ ದುಡಿಸಬಾರದೆಂಬ ಕಾನೂನಿದೆ, ಆ ಹೊತ್ತಿನಲ್ಲಿ ಯಾವ ಗೋಡೆಯ ನೆರಳಿನಲ್ಲಿ ಯಾರು ಮಲಗಿರುತ್ತಾರೆ ಎಂದು ನೋಡಲು ಕನ್ನಡದ ಕ್ಯಾಮೆರಾ ಬರಲಿಲ್ಲ.

ಈ ಕುವೈತಿನವರ ಮೊದಲ ಕಥಾಚಿತ್ರ ಯಾವುದು ಗೊತ್ತೇ? 1972ರ ‘ಬಸ್ ಯಾ ಬಹರ್’. ಖಾಲಿದ್ ಅಲ್ ಸಿದ್ದೀಕ್ ಮಾಡಿದ್ದು. ಎಣ್ಣೆ ಬರುವ ಮೊದಲು ಮುತ್ತಿಗಾಗಿ ಕಡಲಿಗೆ ಧುಮುಕಿ ಸಾಯುತ್ತಿದ್ದ ಬಡ ಮುಳುಗುಗಾರರ ಕಥೆ. ಮಗ ಸತ್ತು ಅವನು ತಂದ ಮುತ್ತು ಕೈಗೆ ಬಂದಾಗ ತಾಯಿ ಅದನ್ನು ಕಡಲಿಗೇ ಎಸೆಯುತ್ತಾಳೆ. ಎಣ್ಣೆಯ ಹಣ ಬಂದ ಮೇಲೂ ಇವರು ಮೊದಲು ನೆನೆದದ್ದು ತಮ್ಮ ಕೂಲಿಯವರನ್ನು. ಕುವೈತಿನಲ್ಲಿ ಇಷ್ಟು ಕಾಲ ಕಳೆದ ನಮ್ಮ ಚಿತ್ರಪ್ರೇಮಿಗಳಿಗೆ ಅದರ ಹೆಸರೂ ಗೊತ್ತಿರಲಿಲ್ಲ.

ಮತ್ತೆ ಕರಾವಳಿಗೇ ಬರೋಣ. 2011ರಲ್ಲಿ ‘ಬ್ಯಾರಿ’ ಎಂಬ ಚಿತ್ರ ಬಂದು ದೇಶದ ಅತ್ಯುತ್ತಮ ಚಿತ್ರದ ಸ್ವರ್ಣಕಮಲವನ್ನು ಮರಾಠಿಯ ‘ದೇವೂಳ್’ ಜೊತೆ ಹಂಚಿಕೊಂಡಿತು. ಬ್ಯಾರಿ ಭಾಷೆಯ ಮೊದಲ ಚಿತ್ರ, ನಮ್ಮ ಕರಾವಳಿಯದ್ದು. ಭಾಷೆ ಕನ್ನಡವಲ್ಲ ಸರಿ, ನಮ್ಮ ಮಾತಿನಲ್ಲೂ ಅದರ ಸುಳಿವಿಲ್ಲ. ಆದರೆ ಆ ಕಿರೀಟದಲ್ಲೂ ಒಂದು ಮುಳ್ಳಿದೆ. ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ತನ್ನ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನೇ ಎತ್ತಿ ಮಾಡಿದ್ದಾರೆ ಎಂದು ಕಾಸರಗೋಡಿನ ಸಾರಾ ಅಬೂಬಕ್ಕರ್ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಒಬ್ಬ ಮುಸ್ಲಿಂ ಹೆಂಗಸು ತನ್ನ ಸಮುದಾಯದ ಗಂಡಸರ ಬೈಗುಳವನ್ನೆಲ್ಲ ತಿಂದು ಬರೆದದ್ದು, ಮುದಿ ವಯಸ್ಸಿನಲ್ಲಿ ಇದು ನನ್ನದು ಎಂದು ಸಾಬೀತು ಮಾಡಲು ವಕೀಲರ ಬಳಿ ಓಡಾಡಬೇಕಾಯಿತು.

ಹೆಂಗಸರ ಮಾತಿಗೆ ಇನ್ನೊಂದು ತಾರೀಖು. ಕೆಜಿಎಫ್ ಬಂದ ಒಂದೇ ವಾರಕ್ಕೆ, 2018ರ ಡಿಸೆಂಬರ್ 28ರಂದು, ಅದೇ ಮಂಸೋರೆಯ ‘ನಾತಿಚರಾಮಿ’ ಬಂತು. ಗಂಡ ಸತ್ತ ಹೆಂಗಸಿಗೂ ಮೈಯಿದೆ, ಆಸೆಯಿದೆ ಎಂದು ಹೇಳಿದ ಚಿತ್ರ. ನಾಯಕಿ ಶ್ರುತಿ ಹರಿಹರನ್ ಅದೇ ವರ್ಷದ ಅಕ್ಟೋಬರಿನಲ್ಲಿ ಮೀಟೂ ಎಂದು ಬಾಯಿಬಿಟ್ಟಿದ್ದರು, ಉದ್ಯಮ ಅವರ ಮೇಲೇ ಮುಗಿಬಿದ್ದಿತ್ತು. ನಡುಮನೆಯ ಚರ್ಚೆಯಲ್ಲಿ ಇಡೀ ಸಂಜೆ ಒಂದು ಮಾತೂ ಆಡದಿದ್ದ ನರ್ಸ್ ಒಬ್ಬರು ಈ ಚಿತ್ರದ ಹೆಸರು ಹೇಳಿದರು. ಅವರ ಗಂಡ ಗಂಟಲು ಸರಿಮಾಡಿಕೊಂಡರು. “ಫ್ಯಾಮಿಲಿ ಜೊತೆ ಕೂತು ನೋಡೋದಲ್ಲ ಅದು” ಎಂದು ಹಿರಿಯರೊಬ್ಬರು ಮುಗಿಸಿದರು. ಕತ್ತು ಕತ್ತರಿಸುವುದನ್ನು ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನೋಡಬಹುದು! ಹೆಂಡತಿಯನ್ನು ಊರಲ್ಲಿ ಬಿಟ್ಟು ಎರಡು ವರ್ಷಕ್ಕೊಮ್ಮೆ ಹೋಗುವ ಗಂಡಸರು ತುಂಬಿರುವ ಈ ದೇಶದಲ್ಲಿ ಆ ಚಿತ್ರ ಯಾಕೆ ಬೇಡ ಎಂಬುದು ನನಗೆ ಚೆನ್ನಾಗಿ ಗೊತ್ತು.

ಜಾತಿಯ ಮಾತು ಎತ್ತಿದರೆ “ಸಿನಿಮಾದಲ್ಲಿ ಅದೆಲ್ಲ ಯಾಕೆ” ಎನ್ನುತ್ತಾರೆ. ಮರಾಠಿಯಲ್ಲಿ ನಾಗರಾಜ ಮಂಜುಳೆ 2013ರಲ್ಲಿ ‘ಫ್ಯಾಂಡ್ರಿ’, 2016ರಲ್ಲಿ ‘ಸೈರಾಟ್’ ಮಾಡಿ ಗಲ್ಲಾಪೆಟ್ಟಿಗೆಯನ್ನೂ ಗೆದ್ದ. ತಮಿಳಿನಲ್ಲಿ ಮಾರಿ ಸೆಲ್ವರಾಜ್ 2018ರಲ್ಲಿ ‘ಪರಿಯೇರುಂ ಪೆರುಮಾಳ್’ ಕೊಟ್ಟ. ದಲಿತರೇ ಕ್ಯಾಮೆರಾದ ಹಿಂದೆ ನಿಂತು ತಮ್ಮ ಬದುಕು ಹೇಳಿದರು. 1979ರಲ್ಲೇ ಬಂಡಾಯ ಸಂಘಟನೆ ಕಟ್ಟಿದ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಹುಟ್ಟಿದ ಕನ್ನಡ ನಮ್ಮ ಪಟ್ಟಿಯ ದಶಕದಲ್ಲಿ ಏನು ಮಾಡಿತು? ‘ಸೈರಾಟ್’ ಹಕ್ಕು ಕೊಂಡು ‘ಮನಸು ಮಲ್ಲಿಗೆ’ ಎಂದು ರಿಮೇಕ್ ಮಾಡಿತು. ಹೆಚ್ಚು ಹೇಳಿದರೆ ನನ್ನ ಬಿಪಿ ಏರುತ್ತದೆ, ಮುಂದೆ ಹೋಗೋಣ.

ಸಣ್ಣ ಚಿತ್ರಗಳು ಇಲ್ಲಿಗೆ ಬರುವುದೇ ಇಲ್ಲ, ನೋಡುವುದು ಹೇಗೆ ಎಂದು ಕೆಲವರು ಪ್ರಾಮಾಣಿಕವಾಗಿಯೇ ಕೇಳಿದರು. ನಿಜ. ಸ್ಟಾರ್ ಚಿತ್ರವಾದರೆ ಪರದೆ ಸಿಗುತ್ತದೆ, ಉಳಿದದ್ದಕ್ಕೆ ಯಾರಾದರೂ ಮುತುವರ್ಜಿ ವಹಿಸಿ ಒಂದು ಆಟ ಗೊತ್ತು ಮಾಡಬೇಕು. ಓಟಿಟಿಯವರು ಕನ್ನಡವೆಂದರೆ ಮುಖ ತಿರುಗಿಸುತ್ತಾರೆ. ರಕ್ಷಿತ್ ಶೆಟ್ಟಿಯಂಥ ಹೆಸರಿದ್ದವನೇ ‘ಏಕಂ’ ಸರಣಿಗೆ ಯಾರೂ ಸಿಗದೆ 2024ರಲ್ಲಿ ಸ್ವಂತ ತಾಣದಲ್ಲಿ ಬಿಡಬೇಕಾಯಿತು. ಆದರೆ 2013ರಲ್ಲಿ ತೆರೆಕಂಡ ‘ಲೂಸಿಯಾ’ಕ್ಕೆ ಪವನ್ ಕುಮಾರ್ ಕೈಯೊಡ್ಡಿದಾಗ ಪ್ರೇಕ್ಷಕರೇ ಅರ್ಧ ಕೋಟಿಯಷ್ಟು ಹಾಕಿದ್ದರು. ಕೊಲ್ಲಿಯ ಕನ್ನಡಿಗರು ಒಂದು ರಾಜ್ಯೋತ್ಸವಕ್ಕೆ ನಟ ನಟಿಯರ ವಿಮಾನ, ಹೋಟೆಲು, ಶಾಲು, ಪೇಟಕ್ಕೆ ಸುರಿಯುವ ಹಣದಲ್ಲಿ ವರ್ಷವಿಡೀ ಸಣ್ಣ ಚಿತ್ರಗಳನ್ನು ತರಿಸಬಹುದು. ದುಡ್ಡಿನ ಬರವೇನೂ ಇಲ್ಲ. ಸೆಲ್ಫಿ ಸಿಗದ ಚಿತ್ರ ಬೇಡ, ಅಷ್ಟೇ.

ಆಗ ಬ್ಯಾಂಕಿನವರು ಕೊನೆಯ ಬಾಣ ಬಿಟ್ಟರು. “ದುಡಿದು ದಣಿದು ಬಂದವ್ರಿಗೆ ಮನರಂಜನೆ ಬೇಕು ಇವ್ರೇ, ನಿಮ್ಮ ಗೋಳು ಯಾರಿಗೆ ಬೇಕು?”

ದಣಿದವರ ಪರವಾಗಿ ದಣಿಯದವರೇ ಮಾತಾಡುವುದು ಹಳೆಯ ಚಾಳಿ. ಅದೇ ಹೊತ್ತಿಗೆ ಕೆಳಗೆ ಒಬ್ಬ ದಣಿದವನು ಇದ್ದ. ಬೈಂದೂರು ಕಡೆಯ ಹೌಸ್ ಡ್ರೈವರ್, ಯಜಮಾನರ ಮನೆಯವರು ಮಾಲಿನಿಂದ ಬರುವ ತನಕ ನಮ್ಮ ಕಟ್ಟಡದ ಪಕ್ಕ ಗಾಡಿ ನಿಲ್ಲಿಸಿಕೊಂಡು ಕಾಯುವವನು. ಬಿಡುವಿನಲ್ಲಿ ನೋಡು ಎಂದು ನಾನೇ ಅವನಿಗೆ ‘ತಿಥಿ’ ಹೇಳಿದ್ದೆ. ರಾಮ್ ರೆಡ್ಡಿ, ಈರೇಗೌಡ ಸೇರಿ ಮಂಡ್ಯದ ನೊದೆಕೊಪ್ಪಲಿನಲ್ಲಿ ಊರವರನ್ನೇ ಹಾಕಿಕೊಂಡು ಮಾಡಿ 2015ರಲ್ಲಿ ಲೊಕಾರ್ನೊದಲ್ಲಿ ಗೆದ್ದ ಚಿತ್ರ. ನಮ್ಮ ನಡುಮನೆಯಲ್ಲಿ ಅದರ ಹೆಸರು ಬಂದಾಗ ಎಲ್ಲರೂ ಅದರಲ್ಲಿನ ಮುದುಕ ಸೆಂಚುರಿ ಗೌಡನ ಬೈಗುಳ ನೆನೆದು ನಕ್ಕರು, ಹತ್ತನೆಯ ಜಾಗಕ್ಕೆ ಹಾಕಿದರು. ಡ್ರೈವರ್ ನಗಲಿಲ್ಲ. ಜಮೀನು ಮಾರಲು ಮಗ ತಮ್ಮಣ್ಣ ಬದುಕಿರುವ ಅಪ್ಪ ಗಡ್ಡಪ್ಪನಿಗೇ ಮರಣ ಪತ್ರ ಮಾಡಿಸುತ್ತಾನಲ್ಲ, ಅಲ್ಲಿ ಅವನಿಗೆ ಸಿಕ್ಕಿಕೊಂಡಿದೆ. “ಗಡ್ಡಪ್ಪನ್ನ ಕಂಡ್ರೆ ನಂಗೆ ನಗಿ ಬತ್ತಿಲ್ಲೆ ಅಣ್ಣಾ. ನಾನೂ ಊರಂಗೆ ಸತ್ತಾಂಗೇ. ರೇಷನ್ ಕಾರ್ಡಂಗೆ ಹೆಸ್ರು ತೆಗ್ದ್ರು. ಈಗ ಜಾಗದ್ ಪಾಲಿಗೆ ಸಹಿ ಹಾಕಿ ಕಳ್ಸು ಅಂತ ನಮ್ಮಣ್ಣಂದ್ ಫೋನ್” ಎಂದ. ಎಂಟು ಮಂದಿ ಪದವೀಧರರು ಮೂರು ಗಂಟೆ ಕೂತು ಆ ಚಿತ್ರದ ಬಗ್ಗೆ ಇಷ್ಟು ಹೇಳಲಿಲ್ಲ. ಅವನನ್ನು ಮೇಲೆ ಕರೆಯೋಣ ಎಂದೆ. ಕುರ್ಚಿ ಸಾಲದು ಎಂದರು.

‘ಹರಿವು’ ಒಂದು ಆಟ ಹಾಕಿಸಿ ಎಂದು ಬರೆದು ಕೊಟ್ಟಿದ್ದೇನೆ. ಹಾಲ್ ಖಾಲಿ ಇಲ್ಲ, ಮುಂದಿನ ತಿಂಗಳು ಆರ್ಕೆಸ್ಟ್ರಾ, ಅದರ ಮುಂದಿನ ತಿಂಗಳು ಅಡುಗೆ ಸ್ಪರ್ಧೆ ಎಂಬ ಉತ್ತರ ಬಂದಿದೆ. ಆಗಲಿ. ಗೆಳೆಯನೊಬ್ಬನ ಹಳೆಯ ಪ್ರೊಜೆಕ್ಟರ್ ಇದೆ, ಜಲೀಬಿನಲ್ಲಿ ಒಂದು ರೂಮಿನ ಬಿಳಿಗೋಡೆ ಇದೆ, ಮಂಚಗಳನ್ನು ಒತ್ತಟ್ಟಿಗೆ ಸರಿಸಿದರೆ ಇಪ್ಪತ್ತು ಮಂದಿ ಕೂರಬಹುದು. ಬರುವ ಶುಕ್ರವಾರ ಊಟವಾದ ಮೇಲೆ ಹಾಕುತ್ತೇವೆ. ಸಾಲ್ಮಿಯಾದವರೂ ಬರಬಹುದು. ಅಲ್ಲಿ ಪಾರ್ಕಿಂಗ್ ಸಿಗುವುದಿಲ್ಲ, ಬಸ್ಸಿನಲ್ಲಿ ಬನ್ನಿ.